ಪೆಪ್ಪರಮೆಂಟ್ ಕಾಗದದ ಆನೆ

೧೯೫೯ನೆಯ ಇಸವಿ, ಜುಲೈ ಹನ್ನೊಂದು, ಶನಿವಾರ. ಬೆಳಿಗ್ಗೆ ಏಳೂವರೆ. ದಾವಣಗೆರೆಯ ನಮ್ಮ ಅಚ್ಚುಕೂಟದಲ್ಲಿ ಆಗ ಇದ್ದವರು ಐದು ಜನ: ಪ್ರೆಸ್ಸಿನ ಯಜಮಾನರು, ಮಷಿನ್ ತುಳಿಯುವ ಮುದುಕಪ್ಪ, ಪೆಪ್ಪರಮೆಂಟ್ ಸಾಹುಕಾರರು, ಅವರ ಕಾರ್ಖಾನೆಯಲ್ಲಿ ಪೆಪ್ಪರಮೆಂಟಿಗೆ ಕಾಗದ ಸುತ್ತುವ ಒಬ್ಬ ಹೆಣ್ಣುಮಗಳು, ಮತ್ತು ನಾನು. ನನ್ನ ಕೆಲಸ ಪ್ರೂಫ್ ತಿದ್ದುವುದು. ವಯಸ್ಸು ಇಪ್ಪತ್ನಾಲ್ಕು.

ನಾನು ಬೆಳೆದದ್ದು ಮಠದ ಉಚಿತ ಬೋರ್ಡಿಂಗಿನಲ್ಲಿ. ನಾಲ್ಕೂವರೆಗೆ ಗಂಟೆ, ಐದಕ್ಕೆ ತಣ್ಣೀರ ಸ್ನಾನ, ಐದೂವರೆಗೆ ಪ್ರಾರ್ಥನೆ, ಆರಕ್ಕೆ ಓದು. ಆ ಗಂಟೆ ಇವತ್ತಿಗೂ ನನ್ನ ಮೈಯಲ್ಲಿ ಹೊಡೆಯುತ್ತದೆ. ಪ್ರೆಸ್ಸಿಗೆ ಸೇರಿದ ಮೂರು ವರ್ಷದಲ್ಲಿ ಒಂದು ದಿನವೂ ತಡವಾಗಿ ಹೋಗಿರಲಿಲ್ಲ, ಊಟದ ಹೊತ್ತಿಗೆ ಮೊದಲು ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಹೊತ್ತಿಗೆ ಸರಿಯಾಗಿ ಇರುವವನು ಎಲ್ಲದರಲ್ಲೂ ಸರಿಯಾಗಿ ಇರುತ್ತಾನೆಂದು ಜನ ನಂಬುತ್ತಾರೆ, ನಾನೂ ನಂಬಿದ್ದೆ. ಅದಕ್ಕಾಗಿ ಹೇಳುತ್ತಿದ್ದೇನೆ.

ಪೆಪ್ಪರಮೆಂಟ್ ಸಾಹುಕಾರರದು ಸಣ್ಣ ಕಾರ್ಖಾನೆ. ನಿಂಬೆಹುಳಿ, ಶುಂಠಿ, ಕಿತ್ತಳೆ ಎಂದು ಮೂರು ಬಗೆ ಮಾಡುತ್ತಿದ್ದರು. ಊರಲ್ಲಿ ಪೆಪ್ಪರಮೆಂಟ್ ಮಾಡುವವರು ಬೇರೆಯವರೂ ಇದ್ದರು. ಅವರನ್ನು ಹಿಂದೆ ಹಾಕಲು ಇವರು ಒಂದು ಉಪಾಯ ಹುಡುಕಿದ್ದರು. ಸುತ್ತುವ ಕಾಗದದ ಹೊರಮೈಯಲ್ಲಿ ‘ನಿಮಗೆ ಗೊತ್ತೆ?’ ಎಂದು ಮೇಲೆ, ಅದರ ಕೆಳಗೆ ಒಂದು ಸಾಲು ಸಂಗತಿ. ಜಿರಾಫೆಯ ಕತ್ತು ಎಷ್ಟು ಉದ್ದವಿದ್ದರೂ ಅದರಲ್ಲಿ ಮನುಷ್ಯನ ಕತ್ತಿನಲ್ಲಿ ಇರುವಷ್ಟೇ ಮೂಳೆ, ಏಳು. ಇಂಗ್ಲಿಷಿನವರ ‘ಕ್ಯಾಂಡಿ’ ನಮ್ಮ ‘ಖಂಡ’ದಿಂದ ಬಂದ ಮಾತು. ಉಷ್ಟ್ರಪಕ್ಷಿಯ ಕಣ್ಣು ಅದರ ಮಿದುಳಿಗಿಂತ ದೊಡ್ಡದು. ಹೀಗೆ. ಮಕ್ಕಳು ಪೆಪ್ಪರಮೆಂಟ್ ಬಾಯಿಗೆ ಹಾಕಿಕೊಂಡು ಕಾಗದವನ್ನು ಜೇಬಿಗೆ ಹಾಕಿಕೊಳ್ಳತೊಡಗಿದರು. ಒಂದೇ ಚೀಟಿ ಎರಡು ಇದ್ದವರು ಇನ್ನೊಬ್ಬರ ಹತ್ತಿರ ಬದಲಾಯಿಸಿಕೊಳ್ಳುತ್ತಿದ್ದರು.

ಆ ಸಂಗತಿಗಳನ್ನು ಆರಿಸಿ ಬರೆಯುವ ಕೆಲಸ ನನಗೆ ಬಂತು. ಯಜಮಾನರ ಬೀರುವಿನಲ್ಲಿ ಮೂರು ಪುಸ್ತಕಗಳಿದ್ದವು: ಒಂದು ಶಾಲೆಯ ಭೂಗೋಳ, ಒಂದು ಪ್ರಾಣಿಗಳ ಪುಸ್ತಕ, ಒಂದು ಹಳೆಯ ಸಾಮಾನ್ಯ ಜ್ಞಾನದ ಪುಸ್ತಕ. ಅವುಗಳಿಂದ ತೆಗೆಯುತ್ತಿದ್ದೆ. ಒಂದು ಹಾಳೆಗೆ ಇಪ್ಪತ್ನಾಲ್ಕು ಚೌಕದ ಮನೆ, ಮನೆಗೊಂದು ಚೀಟಿ. ಇಪ್ಪತ್ನಾಲ್ಕು ಸಂಗತಿಗೂ ಅಕ್ಷರದ ಮೊಳೆ ಜೋಡಿಸಿ, ಚೌಕಟ್ಟು ಬಿಗಿದು, ಒಟ್ಟಿಗೆ ಅಚ್ಚು ಹಾಕಿ, ಆಮೇಲೆ ಕತ್ತರಿಸುವುದು. ಸಾಹುಕಾರರ ಷರತ್ತು ಎರಡು. ಬಂದ ಸಂಗತಿ ಮತ್ತೆ ಬರಬಾರದು. ಖಾಲಿ ಚೀಟಿ ಬರಬಾರದು.

“ಖಾಲಿ ಚೀಟಿ ಸಿಕ್ಕ ಹುಡುಗ್ರು ನನ್ನ ಮೋಸಗಾರ ಅಂತಾವ್ರಿ,” ಎನ್ನುತ್ತಿದ್ದರು. “ಸಕ್ರಿ ಕಮ್ಮಿ ಆದ್ರೆ ಸುಮ್ನಿರ್ತಾವ, ಸುದ್ದಿ ಕಮ್ಮಿ ಆದ್ರೆ ಸುಮ್ನಿರಲ್ಲ.”

ಮೊದಲ ಹಾಳೆ ಸುಲಭವಾಗಿ ತುಂಬಿತು. ಎರಡನೆಯದೂ ತುಂಬಿತು. ಮೂರನೆಯದಕ್ಕೆ ಇಪ್ಪತ್ತಮೂರು ಸಿಕ್ಕವು. ಮೇ ತಿಂಗಳ ಕೊನೆ, ಸಂಜೆ ಐದೂ ಮುಕ್ಕಾಲು. ಮುದುಕಪ್ಪ ಮಷಿನ್ನಿಗೆ ಮಸಿ ಹಚ್ಚಿಕೊಂಡು ಕಾಯುತ್ತಿದ್ದ. ಆರಕ್ಕೆ ಪ್ರೆಸ್ ಮುಚ್ಚಬೇಕು. ಪುಸ್ತಕ ತಿರುವಿದೆ, ಹೊಸದು ಕಣ್ಣಿಗೆ ಬೀಳಲಿಲ್ಲ. ಕೆಲಸ ನಾಳೆಗೆ ಉಳಿಯುವುದು ನನಗೆ ಆಗದ ಮಾತು. ಕೊನೆಯ ಮನೆಯಲ್ಲಿ ನಾನೇ ಬರೆದೆ: ‘ಪ್ರಾಣಿಗಳೆಲ್ಲ ಈಜಬಲ್ಲವು, ಆನೆಗೆ ಮಾತ್ರ ಈಜು ಬಾರದು.’

ನಾನು ಶಾಮನೂರಿನ ಕಡೆಯವನು. ಆನೆಯನ್ನು ನೋಡಿದ್ದು ಒಂದೇ ಸಲ, ಬೀದಿಯಲ್ಲಿ, ಹಣೆಗೆ ಬಣ್ಣ ಬಳಿದುಕೊಂಡು ಬಾಳೆಹಣ್ಣು ತಿನ್ನುತ್ತಿತ್ತು. ಅಷ್ಟು ಭಾರದ ಪ್ರಾಣಿ ನೀರಿಗೆ ಬಿದ್ದರೆ ಮುಳುಗಲೇಬೇಕು ಎಂದು ಲೆಕ್ಕ ಹಾಕಿದೆ. ಕೆರೆ ಬಾವಿಗಳ ಸೀಮೆಯವರಿಗೆ ಹೊಳೆಯಲ್ಲಿ ಆನೆ ಏನು ಮಾಡುತ್ತದೆಂದು ಹೇಗೆ ಗೊತ್ತಾಗಬೇಕು? ಹಾಗೆಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಗೊತ್ತಿಲ್ಲದ್ದನ್ನು ಬರೆಯದೆ ಇರಬಹುದಿತ್ತು ಎಂಬುದು ಆಮೇಲೆ ನೆನಪಾಗುತ್ತದೆ.

ಜೂನ್ ಕೊನೆಯಲ್ಲಿ ಶಿವಮೊಗ್ಗದ ಕಡೆಯ ಮರದ ವ್ಯಾಪಾರಿಯೊಬ್ಬರು ಬಿಲ್ ಪುಸ್ತಕ ಅಚ್ಚು ಹಾಕಿಸಲು ಬಂದಿದ್ದರು. ಮೇಜಿನ ಮೇಲಿದ್ದ ಚೀಟಿ ಓದಿ ನಕ್ಕರು. “ಇದನ್ನ ಯಾವ ಪುಣ್ಯಾತ್ಮ ಬರೆದ? ನಮ್ಮ ಕಡೆ ಬನ್ನಿ, ತೋರಿಸ್ತೀನಿ. ಸೊಂಡಿಲು ಮೇಲೆತ್ತಿಕೊಂಡು ಹೊಳೇನ ದಾಟುತ್ತೆ ಆನೆ. ಅದರಷ್ಟು ಚೆನ್ನಾಗಿ ಈಜೋದು ಕಡಿಮೆ,” ಎಂದರು. ಯಜಮಾನರು ಒಳಗಿದ್ದರು, ಕೇಳಿಸಿಕೊಳ್ಳಲಿಲ್ಲ. ನಾನು ಚೀಟಿಯನ್ನು ಸರಿಸಿಟ್ಟು ಬಿಲ್ ಪುಸ್ತಕದ ಮಾತಿಗೆ ಹೋದೆ. ಚೀಟಿಗಳು ಆಗಲೇ ಅಂಗಡಿ ಸೇರಿದ್ದವು. ಪೆಪ್ಪರಮೆಂಟ್ ಕಾಗದ ತಾನೆ, ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದುಕೊಂಡೆ.

ನೆನಪಿಟ್ಟುಕೊಂಡವರು ಆ ಶನಿವಾರ ಬೆಳಿಗ್ಗೆ ನನ್ನ ಮೇಜಿನ ಮುಂದೆ ನಿಂತಿದ್ದರು.

ಕಾಗದ ಸುತ್ತುವ ಆ ಹೆಣ್ಣುಮಗಳು ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಲೋಯರ್ ಸೆಕೆಂಡರಿ ಪಾಸಾಗಿದ್ದರು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿದ್ದರು. ಒಂದೇ ಕೋಣೆಯ ಮನೆ. ಅಣ್ಣನ ಮಕ್ಕಳೇ ಐದು. ಹಾಗಾಗಿ ಇವರ ಆರು ವರ್ಷದ ಮಗಳು ಆನಗೋಡಿನಲ್ಲಿ ಅಜ್ಜಿಯ ಹತ್ತಿರ ಇತ್ತು. ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರುತ್ತಿದ್ದರು. ಹರಿಹರದಲ್ಲಿ ಮಹಿಳೆಯರ ಸಂಘವೊಂದು ಶಿಶುವಿಹಾರ ತೆರೆಯುವುದಿತ್ತು. ಅದಕ್ಕೆ ಒಬ್ಬ ಶಿಕ್ಷಕಿ ಬೇಕಾಗಿದ್ದರು. ಕೆಲಸ ಸಿಕ್ಕವರಿಗೆ ಕಟ್ಟಡದ ಹಿಂದೆ ವಾಸಕ್ಕೆ ಒಂದು ಕೋಣೆ. ಮಗಳನ್ನು ಕರೆತಂದು ಜೊತೆಯಲ್ಲಿಟ್ಟುಕೊಳ್ಳಬಹುದು. ಸಂದರ್ಶನ ಅಂದೇ ಮಧ್ಯಾಹ್ನ ಎರಡು ಗಂಟೆಗೆ. ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳುತ್ತಾರೆಂದು ಪತ್ರದಲ್ಲೇ ಬರೆದಿದ್ದರಂತೆ.

ಪುಸ್ತಕ ಕೊಳ್ಳುವ ಅನುಕೂಲ ಇರಲಿಲ್ಲ. ಮಸಿ ಕದಡಿದ, ಸೊಟ್ಟ ಕತ್ತರಿಸಿದ ಚೀಟಿಗಳನ್ನು ಸಾಹುಕಾರರನ್ನು ಕೇಳಿ ತೆಗೆದುಕೊಂಡು ಅವರು ಒಂದು ನೋಟು ಪುಸ್ತಕದಲ್ಲಿ ನಂಬರ್ ಹಾಕಿ ಅಂಟಿಸಿದ್ದರು. ಮೂರು ಹಾಳೆಯ ಎಪ್ಪತ್ತೆರಡೂ ಇದ್ದವು. ಕಾಗದ ಸುತ್ತುತ್ತಲೇ ಬಾಯಿಪಾಠ ಮಾಡಿದ್ದರು.

“ಮೇಷ್ಟ್ರೇ, ನಮ್ಮಕ್ಕನ ಪರೀಕ್ಷೆ ಮಾಡ್ರಿ,” ಎಂದರು ಸಾಹುಕಾರರು ನನಗೆ. “ಯಾವುದಾರ ನಂಬರ್ ಹೇಳ್ರಿ, ಟಕ್ಕಂತ ಹೇಳ್ತಾರೆ. ಆಷಾಢದಾಗ ಯಾರಾರ ಇಂಟರ್ವ್ಯೂ ಇಡ್ತಾರೇನ್ರಿ? ಇಟ್ಟಾರೆ. ಇರ್ಲಿ, ಶಾಸ್ತ್ರ ನೋಡಿದ್ರೆ ಹೊಟ್ಟಿ ತುಂಬಲ್ಲ.”

ಯಜಮಾನರು ಕನ್ನಡಕ ಏರಿಸಿಕೊಂಡು ಪುಸ್ತಕ ಬಿಡಿಸಿದರು. “ಕಬ್ಬು ಬೆಳೀದ ದೇಶದಾಗ ಸಕ್ರಿ ಯಾವುದ್ರಿಂದ ಮಾಡ್ತಾರವ್ವ?”

“ಬೀಟ್ ಅನ್ನೋ ಗೆಡ್ಡಿಯಿಂದ ಮಾಡ್ತಾರ್ರಿ.”

“ಆಕ್ಟೋಪಸ್ಸಿಗೆ ಎಷ್ಟು ಹೃದಯ?”

“ಮೂರು.”

“ಮೂರು ಇಟ್ಕೊಂಡು ಏನ್ ಮಾಡ್ತೈತೋ. ನನಗ ಒಂದನ್ನೇ ಸಂಭಾಳಸಾಕ ಆಗವಲ್ದು,” ಎಂದರು ಯಜಮಾನರು. ಮುದುಕಪ್ಪ ನಕ್ಕ. ಅವರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ಕೊನೇದು ಹೇಳವ್ವ, ಎಪ್ಪತ್ತೆರಡು,” ಎಂದರು ಯಜಮಾನರು.

“ಪ್ರಾಣಿಗಳೆಲ್ಲ ಈಜಬಲ್ಲವು, ಆನೆಗೆ ಮಾತ್ರ ಈಜು ಬಾರದು.”

ಪುಸ್ತಕದ ಕನ್ನಡದಲ್ಲೇ, ನಾನು ಬರೆದ ಹಾಗೇ, ಅಲ್ಪವಿರಾಮದ ಹತ್ತಿರ ಒಂದು ಗಳಿಗೆ ನಿಂತು ಹೇಳಿದರು. ಆ ಅಲ್ಪವಿರಾಮ ಹಾಕಿದವನು ನಾನೇ.

“ಶಭಾಷ್,” ಎಂದರು ಯಜಮಾನರು. “ನೀನು ಧೈರ್ಯವಾಗಿ ಹೋಗವ್ವ. ಇದನ್ನ ಬರದಾನಲ್ಲ, ಈ ನಮ್ಮ ತಮ್ಮ, ಒಂದು ಕಾಮಾ ತಪ್ಪು ಬಿಡೋನಲ್ಲ.”

ಹೇಳುವ ಹೊತ್ತು ಅದೇ ಆಗಿತ್ತು. ನಾಲ್ಕು ಜನರ ಎದುರು ಹೇಳಬೇಕಲ್ಲ ಎನಿಸಿತು. ಯಜಮಾನರು ಹೊಗಳಿದ ಮರುಗಳಿಗೆಯಲ್ಲೇ, ಇಲ್ಲ, ನಾನು ಸುಳ್ಳು ಬರೆದೆ ಎನ್ನುವುದಕ್ಕೆ ಆಗಲಿಲ್ಲ. ಎದುರಿಗಿದ್ದ ಪ್ರೂಫಿನಲ್ಲಿ ಒಂದು ಸರಿಯಾದ ದೀರ್ಘವನ್ನು ತಪ್ಪೆಂದು ಹೊಡೆದೆ. “ಒಳ್ಳೇದಾಗ್ಲಿ ಅಕ್ಕಾರೆ,” ಎಂದೆ. ಅವರು ನಮಸ್ಕಾರ ಮಾಡಿದರು. ಹನ್ನೊಂದರ ಬಸ್ಸಿಗೆ ಹೋಗುತ್ತೇನೆಂದರು. ಹೋದರು.

ಎಂಟರಿಂದ ಹನ್ನೆರಡರವರೆಗೆ ನಾಲ್ಕು ಲಗ್ನಪತ್ರಿಕೆ ತಿದ್ದಬೇಕಿತ್ತು, ಶ್ರಾವಣದ ಮದುವೆಗಳವು. ಎರಡು ಮುಗಿದವು. ಉಳಿದವುಗಳಲ್ಲಿ ವಧುವಿನ ಹೆಸರು ಓದಿದರೆ ವರನ ಹೆಸರು ಮರೆಯುತ್ತಿತ್ತು. ಸಂದರ್ಶನ ಮಾಡುವವರು ಆನೆಯ ಬಗ್ಗೆ ಕೇಳುತ್ತಾರೆ. ಇವರು ನಿಂತು ನಿಂತು ನನ್ನ ಸಾಲು ಹೇಳುತ್ತಾರೆ. ಅಲ್ಲಿದ್ದವರು ಮರದ ವ್ಯಾಪಾರಿ ನಕ್ಕ ಹಾಗೆ ನಗುತ್ತಾರೆ. ಇದೊಂದೇ ಕಣ್ಣ ಮುಂದೆ. ಹನ್ನೆರಡೂ ಕಾಲಿಗೆ ಎದ್ದು ಯಜಮಾನರ ಮುಂದೆ ನಿಂತೆ.

“ಸೈಕಲ್ ಬೇಕಿತ್ರಿ. ಹರಿಹರಕ್ಕೆ ಹೋಗ್ಬೇಕು.”

“ಯಾಕೋ? ಯಾರಿಗೇನಾತು?”

“ಬಂದು ಹೇಳ್ತೀನ್ರಿ.”

ನನ್ನ ಮುಖ ನೋಡಿದರು. ಕೀಲಿಕೈ ಕೊಟ್ಟರು. ಬೇರೆಯವನಾಗಿದ್ದರೆ ನಾಲ್ಕು ಮಾತು ಕೇಳುತ್ತಿದ್ದರು. ಹೊತ್ತಿಗೆ ಸರಿಯಾಗಿ ಬರುವವನೆಂಬ ನಂಬಿಕೆ ಅಲ್ಲೂ ಕೆಲಸ ಮಾಡಿತು.

ದಾವಣಗೆರೆಯಿಂದ ಹರಿಹರಕ್ಕೆ ಒಂಬತ್ತು ಮೈಲಿ. ಪಡುವಣ ದಿಕ್ಕು. ಆಷಾಢದ ಗಾಳಿ ಎದುರಿಗೆ. ಗಾಳಿಯ ರಭಸಕ್ಕೆ ಸೈಕಲ್ ನಿಂತಲ್ಲೇ ನಿಲ್ಲುತ್ತಿತ್ತು. ಇಳಿದು ತಳ್ಳಿದೆ, ಹತ್ತಿದೆ, ಮತ್ತೆ ಇಳಿದೆ. ಕಣ್ಣಿಗೆ ಮಣ್ಣು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿದೆ. ‘ಹೊಸ ಪುಸ್ತಕದಲ್ಲಿ ಬೇರೆ ಥರ ಬರೆದಿದ್ದಾರೆ’ ಎನ್ನಬಹುದಿತ್ತು. ಹಾಗೆ ಹೇಳಿದ್ದರೆ ಬಹುಶಃ ಎಲ್ಲ ಸರಿಹೋಗುತ್ತಿತ್ತು. ಆದರೆ ಒಂದು ಸುಳ್ಳಿಗೆ ಒಂಬತ್ತು ಮೈಲಿ ತುಳಿಯುತ್ತಿರುವಾಗ ಇನ್ನೊಂದನ್ನು ಹೇಳಬಾರದು, ಪೂರ್ತಿ ನಿಜ ಹೇಳಿ ಹಗುರಾಗಬೇಕು ಎಂದು ನಿಶ್ಚಯಿಸಿದೆ. ಹಗುರಾಗಬೇಕಾಗಿದ್ದವನು ನಾನು. ಅವರ ಕಡೆಯಿಂದ ಯೋಚಿಸಲಿಲ್ಲ.

ತಲುಪಿದಾಗ ಎರಡಕ್ಕೆ ಹತ್ತು ನಿಮಿಷ. ದೇವಸ್ಥಾನದ ಹಿಂದಿನ ಓಣಿಯಲ್ಲಿ, ಹೊಳೆಯ ಕಡೆಗೆ ಬೆನ್ನು ಮಾಡಿದ ಹೆಂಚಿನ ಕಟ್ಟಡ. ಜಗಲಿಯ ಬೆಂಚಿನಲ್ಲಿ ಮೂವರು ಹೆಂಗಸರು ಕೂತಿದ್ದರು. ತುದಿಯಲ್ಲಿ ಇವರು, ತೊಡೆಯ ಮೇಲೆ ನೋಟು ಪುಸ್ತಕ. ನನ್ನನ್ನು ನೋಡಿ ಎದ್ದು ಬಂದರು.

“ಅಯ್ಯ, ಮೇಷ್ಟ್ರು. ಸೈಕಲ್ ಮ್ಯಾಲೆ ಬಂದ್ರೇನ್ರಿ, ಈ ಗಾಳ್ಯಾಗ? ಕೂಡ್ರಿ, ನೀರು ತರ್ಲಾ?”

“ಬ್ಯಾಡ. ಅಕ್ಕಾರೆ, ಒಂದು ಮಾತು. ಆ ಆನೆ ಚೀಟಿ ಸುಳ್ಳು.”

“ಸುಳ್ಳಂದ್ರೆ?”

“ಆನೆಗೆ ಈಜು ಬರ್ತೈತೆ. ಚಲೋ ಈಜ್ತೈತೆ.”

“ಮತ್ತೆ ಪುಸ್ತಕದಾಗ ಹಂಗ ಯಾಕ ಬರದಾರೆ?”

“ಪುಸ್ತಕದಾಗ ಇಲ್ಲ. ನಾನೇ ಬರದೆ. ಒಂದು ಮನಿ ಖಾಲಿ ಉಳಿದಿತ್ತು.”

ಅವರು ಪುಸ್ತಕ ತೆರೆದು ಆ ಚೀಟಿ ನೋಡಿದರು. ಆಮೇಲೆ ಕೇಳಿದರು, “ಮುಂಜಾನೆ ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಉಳಿದವು?”

“ಉಳಿದವೆಲ್ಲ ಖರೆ ಅದಾವು ಅಕ್ಕಾರೆ. ಅದೊಂದೇ.”

“ಇದನ್ನೂ ಖರೆ ಅಂತನೇ ಅಚ್ಚು ಹಾಕಿದ್ರಲ್ರಿ,” ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಲೆಕ್ಕ ತಪ್ಪಿದವರು ಎಲ್ಲಿ ತಪ್ಪಿತೆಂದು ಹುಡುಕುವ ಹಾಗೆ, ಪುಸ್ತಕದ ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು. “ಮೂರು ಹೃದಯ ಅಂತೀರಿ. ಹೊಳಿ ಸಮುದ್ರಕ್ಕೆ ಹೋಗಲ್ಲ ಅಂತೀರಿ. ಯಾವುದನ್ನ ಹೇಳ್ಲಿ ನಾನು, ಯಾವುದನ್ನ ಬಿಡ್ಲಿ?”

ಅಷ್ಟರಲ್ಲಿ ಒಳಗಿನಿಂದ ಅವರ ಹೆಸರು ಕರೆದರು. ಮೊದಲು ಕರೆದದ್ದೇ ಅವರನ್ನು. ನೋಟು ಪುಸ್ತಕವನ್ನು ಬೆಂಚಿನ ಮೇಲಿಟ್ಟು ಹೋದರು.

ಕಿಟಕಿ ತೆರೆದಿತ್ತು. ನಾನು ಜಗಲಿಯ ಕಂಬದ ಹತ್ತಿರ ನಿಂತಿದ್ದೆ. ಒಳಗಿನ ಮಾತೆಲ್ಲ ಕೇಳುತ್ತಿತ್ತು. ಊರು, ಓದು, ಮಕ್ಕಳನ್ನು ಹೇಗೆ ಆಡಿಸುತ್ತೀರಿ ಎಂಬುದನ್ನೆಲ್ಲ ಸಂಘದ ಅಧ್ಯಕ್ಷೆ ಕೇಳಿದರು. ಇವರು ಚೆನ್ನಾಗಿ ಉತ್ತರ ಕೊಟ್ಟರು, ಒಂದು ಕಡೆ ಎಲ್ಲರೂ ನಕ್ಕದ್ದೂ ಕೇಳಿಸಿತು. ಆಮೇಲೆ ಅವರ ಜೊತೆ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರ ದನಿ.

“ನಮ್ಮ ತುಂಗಭದ್ರಾ ಯಾವ ಸಮುದ್ರ ಸೇರ್ತೈತಮ್ಮ?”

ಇದು ಹದಿನೇಳನೆಯ ಚೀಟಿ: ‘ತುಂಗಭದ್ರೆ ಸಮುದ್ರವನ್ನು ನೇರವಾಗಿ ಸೇರುವುದಿಲ್ಲ, ಕೃಷ್ಣೆಯನ್ನು ಸೇರುತ್ತದೆ.’ ಶಾಲೆಯ ಭೂಗೋಳದಿಂದ ನಾನೇ ಎತ್ತಿ ಬರೆದದ್ದು. ಕಟ್ಟಡದ ಹಿಂದೆ ಹೊಸ ನೀರು ಬಂದ ಹೊಳೆಯ ಸದ್ದು ಕೇಳುತ್ತಿತ್ತು.

“ಗೊತ್ತಿಲ್ರಿ,” ಎಂದರು ಅವರು.

“ಹಿಂದ ಹರೀತೈತಲ್ಲಮ್ಮ, ಅದೇ ಹೊಳಿ.”

“ಗೊತ್ತಿಲ್ರಿ.”

“ಇರ್ಲಿ. ಜಿರಾಫೆ ಕತ್ತಿನಾಗ ಎಷ್ಟು ಮೂಳೆ?”

“ಗೊತ್ತಿಲ್ರಿ.”

ಮೂರನೆಯದನ್ನು ಅಧ್ಯಕ್ಷೆಯೇ ಕೇಳಿದರು, ಸುಲಭದ್ದು ಕೇಳೋಣವೆಂಬ ದನಿಯಲ್ಲಿ. ಕಬ್ಬಿಲ್ಲದ ದೇಶದಲ್ಲಿ ಸಕ್ಕರೆ ಎಲ್ಲಿಂದ ಬರುತ್ತದೆ? ಬೆಳಿಗ್ಗೆ ಯಜಮಾನರು ಕೇಳಿದ್ದೂ ಇದನ್ನೇ. ಅದಕ್ಕೂ ಅದೇ ಉತ್ತರ. ಆನೆಯ ಸುದ್ದಿ ಬರಲೇ ಇಲ್ಲ.

ಇದನ್ನು ನಾನು ಅರವತ್ತಕ್ಕೂ ಹೆಚ್ಚು ವರ್ಷ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಏಳೂವರೆಗೆ ಹೇಳಿದ್ದರೆ ಅವರಿಗೆ ಉಪಕಾರವಾಗುತ್ತಿತ್ತು. ಹೇಳದೆ ಕುರ್ಚಿಯಲ್ಲೇ ಕೂತಿದ್ದರೂ ಉಪಕಾರವಾಗುತ್ತಿತ್ತು. ಮೂರಕ್ಕೆ ಮೂರು ಸರಿ ಹೇಳುತ್ತಿದ್ದರು. ಎರಡಕ್ಕೆ ಹತ್ತು ನಿಮಿಷವಿದ್ದಾಗ ಹೇಳಿದ್ದು ನನ್ನ ಉಪಕಾರಕ್ಕೆ. ಕೆಲಸ ಬೇರೆಯವರಿಗೆ ಆಯಿತು. ಇವರಿಗೆ ಮೂರು ವರ್ಷದ ಮೇಲೆ ಬೇರೆ ಊರಿನಲ್ಲಿ ಅಂಥದೇ ಕೆಲಸ ಸಿಕ್ಕಿತೆಂದು ಸಾಹುಕಾರರು ಹೇಳಿದರು. ಮಗಳನ್ನು ಕರೆಯಲು ಆನಗೋಡಿಗೆ ಹೋದರೆ ಅದು ಅಜ್ಜಿಯನ್ನು ಬಿಟ್ಟು ಬರಲು ಒಲ್ಲೆ ಎಂದಿತಂತೆ. ಅಷ್ಟು ಹೊತ್ತಿಗೆ ಒಂಬತ್ತು ವರ್ಷದ ಹುಡುಗಿ.

ಆ ಮಧ್ಯಾಹ್ನ ಅವರು ಹೊರಗೆ ಬಂದು ಪುಸ್ತಕ ತೆಗೆದುಕೊಂಡರು. ಬಸ್ಸಿನ ಮೇಲೆ ಸೈಕಲ್ ಹಾಕಿಸಿ ನಾನೂ ಅದೇ ಬಸ್ಸಿನಲ್ಲಿ ಕೂತೆ. ದಾವಣಗೆರೆಯಲ್ಲಿ ಇಳಿದಾಗ ಐದು ಗಂಟೆ.

“ಆ ಪುಸ್ತಕಗಳು ಎಲ್ಲಿ ಅದಾವ್ರಿ?” ಎಂದರು.

“ಪ್ರೆಸ್ಸಿನಾಗ.”

“ನಡೀರಿ. ಒಂದೊಂದೇ ತೋರಸ್ರಿ.”

ಯಜಮಾನರ ಎದುರು ನಿಂತು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಎಷ್ಟು ಸಾವಿರ ಆನೆ ಮುಳುಗಿಸಿದ್ಯೋ ಮಾರಾಯ,” ಎಂದರು. ನಗಲಿಲ್ಲ. ಬೀರುವಿನ ಬಾಗಿಲು ತೆರೆದು ಮೂರೂ ಪುಸ್ತಕ ಮೇಜಿನ ಮೇಲಿಟ್ಟರು. ಮುದುಕಪ್ಪ ಚಾ ತಂದುಕೊಟ್ಟು ಮನೆಗೆ ಹೋದ. ಆರಕ್ಕೆ ಪ್ರೆಸ್ ಮುಚ್ಚಲಿಲ್ಲ.

ಐದೂ ಕಾಲಿಗೆ ಶುರುಮಾಡಿದೆವು. ಅವರು ಚೀಟಿ ಓದುತ್ತಿದ್ದರು, ನಾನು ಪುಸ್ತಕದಲ್ಲಿ ಹುಡುಕಿ ಬೆರಳಿಟ್ಟು ತೋರಿಸುತ್ತಿದ್ದೆ. ತಾವೇ ಬಗ್ಗಿ ಓದಿ ನೋಡಿದ ಮೇಲೆ, “ಹೂಂ, ಬರೀರಿ,” ಎನ್ನುತ್ತಿದ್ದರು. ಚೀಟಿಯ ಪಕ್ಕದಲ್ಲಿ ಪುಸ್ತಕದ ಹೆಸರು, ಪುಟದ ಸಂಖ್ಯೆ ಬರೆಯುತ್ತಿದ್ದೆ. ಜಿರಾಫೆ ಸಿಕ್ಕಿತು. ಬೀಟ್ ಸಿಕ್ಕಿತು. ತುಂಗಭದ್ರೆಯ ಪುಟ ತೆರೆದಾಗ ಅವರು ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ, “ಮುಂದಿಂದು,” ಎಂದರು.

ಆನೆಯ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಒಂದೇ ಒಂದು ಉಳಿಯಿತು. ಆಕ್ಟೋಪಸ್ಸಿನ ಮೂರು ಹೃದಯ. ಸಿಗಲಿಲ್ಲವೆಂದು ಅದನ್ನು ಬದಿಗಿಟ್ಟು ಮುಂದೆ ಹೋಗಿದ್ದೆವು. ಮೂರು ಪುಸ್ತಕವನ್ನೂ ಮೊದಲಿಂದ ತಿರುವಿದೆ. ಎಲ್ಲೂ ಇಲ್ಲ.

“ಇದು ನೀವು ಓದಿದ್ದೋ, ಬರದಿದ್ದೋ?” ಎಂದು ಕೇಳಿದರು.

ಯೋಚಿಸಿದೆ. ಯಾವುದೋ ಹಳೆಯ ಪತ್ರಿಕೆಯಲ್ಲಿ ಓದಿದ್ದಿರಬಹುದು. ನನ್ನದೇ ಇರಬಹುದು. ಒಂದು ಸಲ ಕೈ ಹಾಗೆ ಓಡಿದ ಮೇಲೆ ಇನ್ನೊಂದು ಸಲ ಓಡಿರಲಿಲ್ಲವೆಂದು ನನಗೇ ಖಾತ್ರಿ ಇರಲಿಲ್ಲ.

“ನೆನಪಿಲ್ಲ ಅಕ್ಕಾರೆ.”

“ಹಂಗಾದ್ರೆ ಅದನ್ನೂ ಹೊಡೀರಿ.”

ಅದು ನಿಜವೆಂದು ಎಷ್ಟೋ ವರ್ಷದ ಮೇಲೆ ಮೊಮ್ಮಗಳ ಶಾಲೆಯ ಪುಸ್ತಕದಲ್ಲಿ ಓದಿದೆ. ಆಗ ಯಾರಿಗೆ ಹೇಳಲಿ?

ಕೆಂಪು ಗೆರೆ ಎಳೆದೆ. ಒತ್ತುಕಾಗದ ಒತ್ತಿದೆ. ಶಾಯಿ ಆರಿತೆಂದು ಬೆರಳಿನಿಂದ ನೋಡಿ ಅವರು ಪುಸ್ತಕ ತೆಗೆದುಕೊಂಡು ಹೋದರು. ಗೋಡೆಯ ಗಡಿಯಾರದಲ್ಲಿ ಏಳೂ ಮುಕ್ಕಾಲು. ಎಲ್ಲ ಸೇರಿ ಎರಡೂವರೆ ಗಂಟೆ ಹಿಡಿದಿತ್ತು. ಬೆಳಿಗ್ಗೆ ಏಳೂವರೆಯಲ್ಲಿ ಅವರ ಬಸ್ಸಿಗೆ ಇನ್ನೂ ಮೂರೂವರೆ ಗಂಟೆ ಇತ್ತು. ಉಳಿದಿದ್ದ ಎರಡು ಲಗ್ನಪತ್ರಿಕೆಗಳನ್ನು ತಿದ್ದಿ, ಯಜಮಾನರ ಮೇಜಿನ ಮೇಲಿಟ್ಟೆ.